ಧಣಿಗಳ ಊಟ ಆಗುವವರೆಗೆ

ಹಂಪನಕಟ್ಟೆಯ ಹಂಚಿನ ಆಫೀಸಿನಲ್ಲಿ ನಾನು ಗುಮಾಸ್ತನಾಗಿದ್ದಾಗ ಅಲ್ಲೊಬ್ಬ ಹಿರಿಯ ಟೈಪಿಸ್ಟರಿದ್ದರು. ಧಣಿಗಳು ಬೆಳಿಗ್ಗೆ ಸಿಟ್ಟಿನಲ್ಲಿ ಬರೆಸಿದ ಕಾಗದವನ್ನು ಅವರು ಚಕಚಕನೆ ಟೈಪ್ ಮಾಡುತ್ತಿದ್ದರು. ಆದರೆ ಸಹಿಗೆ ಕೊಡದೆ ಡ್ರಾಯರಿನೊಳಗೆ ಇಡುತ್ತಿದ್ದರು.

“ಧಣಿಗಳದ್ದು ಊಟ ಆಗ್ಲಿ ಮಾರಾಯ,” ಎನ್ನುತ್ತಿದ್ದರು ನನಗೆ.

ಒಮ್ಮೆ ಕೊಚ್ಚಿಗೆ ಹೋಗಬೇಕಾದ ಹಂಚನ್ನು ನಾನು ಕಾರವಾರದ ದೋಣಿಗೆ ತುಂಬಿಸಿದೆ. ಗೊತ್ತಾದ ಬೆಳಿಗ್ಗೆಯೇ ಧಣಿಗಳು ನನ್ನ ವಜಾ ಪತ್ರ ಬರೆಸಿದರು. ಮಧ್ಯಾಹ್ನ ಮನೆಯಲ್ಲಿ ಬಂಗುಡೆ ಮೀನಿನ ಗಸಿ ಉಂಡು, ಮಲಗಿ ಎದ್ದು ಬಂದವರು ಮೆಲ್ಲಗೆ ಕೇಳಿದರು, “ಆ ಕಾಗದ ಎಂತಾಯ್ತು?”

“ರಿಬ್ಬನ್ ಒಣಗಿದೆ ಧಣಿ. ನಾಳೆ ಮಾಡ್ತೇನೆ,” ಎಂದರು ಟೈಪಿಸ್ಟರು.

“ಅವಸರ ಎಂತದೂ ಇಲ್ಲ.”

ಟೈಪಿಸ್ಟರು ನಿವೃತ್ತರಾದ ಮೇಲೆ ಆ ಡ್ರಾಯರು ನನ್ನ ಪಾಲಿಗೆ ಬಂತು. ಅದರೊಳಗೆ ನನ್ನ ವಜಾ ಪತ್ರವಿತ್ತು. ಅದರ ಅಡಿಯಲ್ಲಿ ಟೈಪಿಸ್ಟರನ್ನೇ ವಜಾ ಮಾಡುವ, ಸಹಿ ಬೀಳದ ನಾಲ್ಕು ಪತ್ರಗಳಿದ್ದವು. ನಾಲ್ಕನ್ನೂ ಅವರೇ ಟೈಪ್ ಮಾಡಿದ್ದರು, ಒಂದಕ್ಷರವೂ ತಪ್ಪಿರಲಿಲ್ಲ.