ಅಕ್ಕ ನೋಡಿ ಕೂಡಿಸಿದ ಆಂಟೆನಾ

ನಮ್ಮ ಓಣಿಯ ಕೊನೆಗೆ ನಾಲ್ಕಂತಸ್ತಿನ ಕಟ್ಟಡ ಎದ್ದ ಮೇಲೆ, ನಮ್ಮ ಟೀವಿಯಲ್ಲಿ ಬರುವ ಪ್ರತಿಯೊಬ್ಬ ಮನುಷ್ಯನ ಪಕ್ಕದಲ್ಲೂ ಅವನದೇ ಮಸುಕಾದ ನೆರಳೊಂದು ಬಂದು ನಿಲ್ಲತೊಡಗಿತು. ಹಳೇ ಹುಬ್ಬಳ್ಳಿಯ ಆ ಓಣಿಗೆ ಆಗಿನ್ನೂ ಕೇಬಲ್ ಬಂದಿರಲಿಲ್ಲ. ಗಾಳಿಯಲ್ಲಿ ಬಂದದ್ದನ್ನು ಮಾಳಿಗೆಯ ಮೇಲಿನ ಆಂಟೆನಾ ಹಿಡಿದು ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಅವ್ವನಿಗೆ ಆ ನೆರಳಿನಿಂದ ತೊಂದರೆಯೇನೂ ಆಗಲಿಲ್ಲ. ಅವಳು ಒಳಗೆ ರೊಟ್ಟಿ ಬಡಿಯುತ್ತಲೇ ಟೀವಿ ನೋಡುವವಳು. ಮಾತು ಕೇಳಿಸಿದರೆ ಸಾಕು. ತೊಂದರೆಯಾದದ್ದು ನನ್ನ ಅಕ್ಕನಿಗೆ.

ಅಕ್ಕನಿಗೆ ಹುಟ್ಟಿದಾಗಿನಿಂದ ಕಿವಿ ಕೇಳಿಸುವುದಿಲ್ಲ, ಬಾಯಿಮಾತೂ ಇಲ್ಲ. ಚಿಕ್ಕವಳಿದ್ದಾಗ ಕೆಲವು ವರ್ಷ ಕಿವುಡ ಮಕ್ಕಳ ಶಾಲೆಯಲ್ಲಿದ್ದಳು. ಮಾಸ್ತರು ಕಲಿಸಿದ್ದು ತುಟಿ ನೋಡಿ ಮಾತು ಹಿಡಿಯುವುದನ್ನು. ಕೈಮಾತನ್ನು ಅವಳು ಕಲಿತದ್ದು ಗೆಳತಿಯರ ಹತ್ತಿರ, ಊಟದ ಸಾಲಿನಲ್ಲಿ ಕೂತು. ಅಪ್ಪ ತೀರಿಕೊಂಡಾಗ ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟು, ಕಾರ್ಖಾನೆಯಲ್ಲಿ ಕಬ್ಬಿಣ ಕಡೆಯುವ ಲೇತ್ ಮಷಿನ್ ಹಿಡಿದೆ. ಅವಳೂ ಶಾಲೆ ಬಿಟ್ಟು ಬಂದು ಹೊಲಿಗೆ ಮಷಿನ್ ಮುಂದೆ ಕೂತಳು. ಗೆಳತಿಯರು ಮದುವೆಯಾಗಿ ಒಬ್ಬೊಬ್ಬರು ಒಂದೊಂದು ಊರಿಗೆ ಹೋದರು. ನಮ್ಮ ಮನೆಯಲ್ಲಿ ಅವಳ ಭಾಷೆ ಬಲ್ಲವರು ಒಬ್ಬರೂ ಇರಲಿಲ್ಲ. ಉಣ್ಣು, ಬಾ, ಹೋಗು, ಸಾಕು, ಮಲಗು ಎಂಬಂಥ ಹತ್ತು ಹದಿನೈದು ಸನ್ನೆಗಳಲ್ಲೇ ವರ್ಷಗಟ್ಟಲೆ ಸಂಸಾರ ನಡೆದಿತ್ತು.

ಭಾನುವಾರ ಮಧ್ಯಾಹ್ನ ಮಾತ್ರ ಟೀವಿಯಲ್ಲಿ ಒಬ್ಬ ಹೆಂಗಸು ಬಂದು ಕೈಯಿಂದ ವಾರ್ತೆ ಹೇಳುತ್ತಿದ್ದಳು. ಸ್ವಲ್ಪವೇ ಹೊತ್ತು. ಅಷ್ಟಕ್ಕೆ ಅಕ್ಕ ಬೆಳಿಗ್ಗೆಯೇ ತಲೆ ಬಾಚಿ, ಅರ್ಧ ಹೊಲಿದ ಕುಪ್ಪಸವನ್ನು ಮಡಚಿಟ್ಟು, ಟೀವಿಯ ಎದುರಿಗೆ ನೆಟ್ಟಗೆ ಕೂಡುತ್ತಿದ್ದಳು. ವಾರದಲ್ಲಿ ಯಾರಾದರೂ ಅವಳೊಡನೆ ಪೂರ್ತಿ ಮಾತಾಡುತ್ತಿದ್ದದ್ದು ಅದೊಂದೇ ಸಲ. ಇದನ್ನು ನಾನು ಈಗ ಹೇಳುತ್ತಿದ್ದೇನೆ. ಆಗ ನನಗೆ ಹೊಳೆದಿರಲಿಲ್ಲ.

ನೆರಳು ಬೀಳತೊಡಗಿದ ಮೇಲೆ ಎರಡು ಭಾನುವಾರ ಅವಳು ನನ್ನ ತೋಳು ಹಿಡಿದು ಜಗ್ಗಿ ಟೀವಿ ತೋರಿಸಿದಳು. ಆಂಟೆನಾ ಹಳೆಯದಾಗಿದೆ, ಹೊಸದು ತಂದರಾಯಿತು ಅಂದುಕೊಂಡೆ. ಲೇತಿನ ಮೇಲೆ ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಬೆರಳಾಡಿಸಿಯೇ ಹೇಳುವವನು ನಾನು. ಒಂದು ಆಂಟೆನಾ ಆರಿಸಲು ಇನ್ನೊಬ್ಬರನ್ನು ಯಾಕೆ ಕೇಳಲಿ?

ಅಂಗಡಿಯ ಚಾಚಾ ನಮ್ಮ ಭಾಗದ ಅರ್ಧ ಮನೆಗಳಿಗೆ ಆಂಟೆನಾ ಕೊಟ್ಟವರು. ಗಿರಾಕಿ ಏನು ಕೇಳಿದರೂ ಮೊದಲು ತಾವೇ ನಾಲ್ಕು ಪ್ರಶ್ನೆ ಕೇಳುವುದು ಅವರ ರೂಢಿ.

"ಚಿತ್ರದಾಗ ಅಕ್ಕಿಕಾಳ ಉದುರಿದಂಗ ಕಾಣತೈತೋ, ನೆರಳ ಬೀಳತೈತೋ?"

"ಎಲ್ಲಾನೂ ಆಗತೈತ್ರಿ ಚಾಚಾ. ಎಲ್ಲಾದಕ್ಕಿಂತ ದೊಡ್ಡದ ಯಾವುದೈತಿ, ಅದನ್ನ ಕೊಡ್ರಿ."

"ಅಲ್ಲಪಾ, ಮನಿ ಮುಂದ ಏನೈತಿ, ಹಿಂದ ಏನೈತಿ ಅಂತರ ಹೇಳತೀಯೋ ಇಲ್ಲೋ?"

"ನಾ ಏನ ಹೊಸಬಾನ್ರಿ? ದಿನಾ ಕಬ್ಬಿಣದ ಕೂಡನ ಹೆಣಗೂ ಮನಶ್ಯಾ. ದೊಡ್ಡದ ಕೊಡ್ರಿ."

ಚಾಚಾ ನನ್ನ ಮುಖವನ್ನೊಮ್ಮೆ ನೋಡಿ, ಬೆನ್ನಿಗೆ ತಂತಿಯ ಜಾಳಿಗೆಯಿದ್ದ ಅಗಲವಾದ ಆಂಟೆನಾ ಇಳಿಸಿ ಕೊಟ್ಟರು. ಬಂದದ್ದನ್ನು ಇನ್ನಷ್ಟು ಜೋರು ಮಾಡುವ ಬೂಸ್ಟರ್ ಡಬ್ಬಿಯೂ ಅದಕ್ಕಿತ್ತು. ಅದರ ಸಲುವಾಗಿ ಇಪ್ಪತ್ತಡಿಯ ಪೈಪನ್ನೂ ತಂದೆ. ಕಾರ್ಖಾನೆಯಲ್ಲಿ ನಾನೇ ಕ್ಲಾಂಪ್ ಮಾಡಿಕೊಂಡು ಬಂದು ನಿಲ್ಲಿಸಿದಾಗ, ಇಡೀ ಓಣಿಯಲ್ಲಿ ಅಷ್ಟೆತ್ತರದ ಆಂಟೆನಾ ಇನ್ನೊಂದಿರಲಿಲ್ಲ.

ಆಂಟೆನಾ ತಿರುಗಿಸುವುದೆಂದರೆ ನಮ್ಮಲ್ಲಿ ಒಬ್ಬ ಮೇಲೆ, ಒಬ್ಬ ಒಳಗೆ. ಮೇಲಿನವನು "ಬಂತೇನು?" ಅನ್ನಬೇಕು, ಒಳಗಿನವರು ಕೂಗಿ ಹೇಳಬೇಕು. ಅವತ್ತು ಒಳಗೆ ಇದ್ದವಳು ಅವ್ವ.

"ಬಂತೇನಬೇ?"

"ಬಂತು, ಬಂತು! ಹೋತು! ಏ, ಎಲ್ಲಿ ತಿರುವಿದ್ಯೋ? ಹಾಂ, ತಡಿ. ಬಂತ್ ನೋಡು, ಗಂಟಿ ಬಾರಿಸಿದಂಗ ಬಂತು!"

ಎದುರುಮನೆಯ ಕಾಕಾ ಕಟ್ಟೆಯ ಮೇಲೆ ಕೂತು, "ಇನ್ನಷ್ಟ ಎತ್ತರ ಮಾಡಿದ್ರ ಚಂದ್ರನ ಮ್ಯಾಲಿಂದೂ ಬರತೈತೇಳೋ" ಎಂದು ನಕ್ಕರು. "ಎತ್ತರ ಇದ್ದಷ್ಟೂ ಛಲೋರೀ ಕಾಕಾ" ಎಂದು ನಾನು ಬೋಲ್ಟು ಬಿಗಿದು ಇಳಿದೆ. ಚಿತ್ರ ಫಳಫಳ ಹೊಳೆಯುತ್ತಿತ್ತು, ದನಿ ಓಣಿಗೆಲ್ಲ ಕೇಳಿಸುತ್ತಿತ್ತು. ನೆರಳು? ಇತ್ತು. ಅಷ್ಟು ಬೆಳಕಿನಲ್ಲಿ ನಾನು ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಮುಂದಿನ ಭಾನುವಾರ ಅಕ್ಕ ಟೀವಿಯ ಮುಂದೆ ಕೂತಳು. ಎರಡೇ ನಿಮಿಷ. ಎದ್ದುಹೋಗಿ ಮಷಿನ್ ತುಳಿಯತೊಡಗಿದಳು.

"ಅಕಿಗೆ ಟೀವಿ ಬ್ಯಾಸರಾಗೇತಿ ಬಿಡು," ಅಂದಳು ಅವ್ವ.

ನನಗೆ ಸಿಟ್ಟು ಬಂತು. ಯಾರ ಸಲುವಾಗಿ ಇಷ್ಟೆಲ್ಲ ಮಾಡಿದೆ? ಹೋಗಿ ಅವಳ ಎದುರು ನಿಂತು, ಏನು ಎಂದು ಕೈ ಆಡಿಸಿದೆ. ಅವಳು ಹೊಲಿಗೆ ನಿಲ್ಲಿಸಿದಳು. ತನ್ನ ಎಡಗೈಯನ್ನು ಬೆರಳು ಬಿಡಿಸಿ ನನ್ನ ಕಣ್ಣಿನ ಮುಂದೆ ಹಿಡಿದಳು. ಆಮೇಲೆ ಬಲಗೈಯನ್ನು ಅದರ ಹಿಂದೆ ತುಸು ಸರಿಸಿ ಇಟ್ಟಳು. ಹತ್ತು ಬೆರಳು ಒಂದರಲ್ಲೊಂದು ಸೇರಿಕೊಂಡವು. ಹಾಗೆಯೇ ಎರಡೂ ಕೈಗಳನ್ನು ಜತೆಯಲ್ಲಿ ಆಡಿಸಿ ತೋರಿಸಿದಳು. ಯಾವ ಬೆರಳು ಖರೇದು, ಯಾವುದು ನೆರಳಿನದು ಎಂಬುದು ನನಗೂ ತಿಳಿಯಲಿಲ್ಲ.

ನಾನು ಅವಳಿಗೆ ತಂದುಕೊಟ್ಟದ್ದು ಅದನ್ನೇ, ಇನ್ನಷ್ಟು ಹೊಳಪು ಮಾಡಿ.

ಮರುದಿನ ಆಂಟೆನಾ ಬಿಚ್ಚಿಕೊಂಡು ಚಾಚಾನ ಅಂಗಡಿಗೆ ಹೋದೆ. ಬಾಯಿ ಬಿಡುವುದು ಕಷ್ಟವಾಯಿತು. ಎಲ್ಲ ಹೇಳಿದೆ. ಕಟ್ಟಡದ ಮಾತು ಬಂದಾಗ ಚಾಚಾ ಕೈಯೆತ್ತಿ ತಡೆದರು.

"ಹಾಂ, ಅದನ್ನ ನಾ ಅವತ್ತ ಕೇಳಿದ್ನಲ್ಲೋ. ಚಿತ್ರ ಟೀವಿ ಗೋಪುರದಿಂದ ಒಂದ ಸಲ ಬರತೈತಿ, ಆ ಗ್ವಾಡಿಗೆ ಬಡದ ಇನ್ನೊಂದ ಸಲ ಬರತೈತಿ. ನಿನ್ನ ಬೂಸ್ಟರ್ ಎರಡೂ ಜೋರ್ ಮಾಡತೈತಿ. ಈ ಜಾಳಗಿ ಅಗಲ ನೋಡತೈತಿ. ನಿಂಗ ಬೇಕಾದದ್ದು ಒಂದ ಕಡೆ ನೋಡೂದು."

ಒಂದು ಉದ್ದ ಕೋಲಿಗೆ ಸಣ್ಣ ಕಡ್ಡಿಗಳನ್ನು ಸಾಲಾಗಿ ಜೋಡಿಸಿದ ಸಾದಾ ಆಂಟೆನಾ ತೆಗೆದುಕೊಟ್ಟರು. ಬೂಸ್ಟರ್ ಇಲ್ಲ, ಏನಿಲ್ಲ.

"ಎತ್ತರಕ್ಕ ಹಾಕಬ್ಯಾಡ. ಕಟ್ಟಡಾ ಕಾಣದಂಗ ಏನರ ಮರೆ ಸಿಗತೈತೇನ ನೋಡು. ಮತ್ತ ನಿಮ್ಮವ್ವನ್ನ ಕೇಳಿ ತಿರುಗಸಬ್ಯಾಡೋ ಮಾರಾಯಾ. ಯಾರ್ ನೋಡತಾರೋ, ಅವರನ್ನ ಕೇಳು."

ಅಕ್ಕ ಕೂಗಲಾರಳು, ನಾನು ಮಾಳಿಗೆಯಿಂದ ಒಳಗೆ ನೋಡಲಾರೆ. ಭಾನುವಾರ ಬೆಳಿಗ್ಗೆ ಟೀವಿಯನ್ನು ಎತ್ತಿ ತಂದು ಹೊಸ್ತಿಲ ಹತ್ತಿರ ಸ್ಟೂಲಿನ ಮೇಲೆ ಇಟ್ಟೆ. ಅಕ್ಕ ಅಂಗಳದಲ್ಲಿ ನಿಂತಳು. ಅಲ್ಲಿಂದ ಟೀವಿಯೂ ಕಾಣುತ್ತಿತ್ತು, ಮಾಳಿಗೆಯ ಅಂಚಿನಲ್ಲಿದ್ದ ನಾನೂ ಕಾಣುತ್ತಿದ್ದೆ.

ಅದೇ ಪೈಪಿಗೆ ಸಾದಾ ಆಂಟೆನಾ ಕಟ್ಟಿ ತಿರುಗಿಸತೊಡಗಿದೆ. "ಬಂತು, ಬಂತು!" ಎಂದು ಅವ್ವ ಕೂಗಿದಳು. "ಬಂತಲ್ಲೋ, ಬಿಡು!" ಎಂದು ಕಾಕಾ ಕಟ್ಟೆಯಿಂದ ದನಿಗೂಡಿಸಿದರು. ಅಕ್ಕ ಅಂಗೈಯನ್ನು ಅಡ್ಡಡ್ಡ ಆಡಿಸಿದಳು: ಇಲ್ಲ. ಇನ್ನಷ್ಟು ತಿರುಗಿಸಿದೆ. ಇಲ್ಲ. ಕೊನೆಗೆ ಅವಳು ಅಂಗೈ ಕೆಳಗೆ ಮಾಡಿ, ಇಳಿಸು ಎಂಬಂತೆ ಒತ್ತಿ ತೋರಿಸಿದಳು. ಪೈಪಿನಿಂದ ಆಂಟೆನಾ ಬಿಚ್ಚಿ ಕೈಯಲ್ಲಿ ಹಿಡಿದು, ಮೆಟ್ಟಿಲು ಬಂದು ಮುಟ್ಟುವ ಜಿನೆಯ ಕೋಣೆಯ ಗೋಡೆ ಆ ಕಟ್ಟಡವನ್ನು ಮರೆಮಾಡುವ ಕಡೆ ಸರಿದು, ಅದನ್ನು ನನ್ನ ತಲೆಯ ಮಟ್ಟಕ್ಕೆ ತಂದೆ. ಅಕ್ಕ ಟೀವಿಯ ಹತ್ತಿರ ಬಾಗಿ ನೋಡಿದಳು. ಎದ್ದು ನನ್ನತ್ತ ಮುಷ್ಟಿ ಬಿಗಿದು ಹಿಡಿದಳು. ಅಲ್ಲೇ ನಿಲ್ಲು.

ಗರಗಸ ತಂದು ಪೈಪನ್ನು ಆ ಮಟ್ಟಕ್ಕೆ ಕೊಯ್ದೆ.

"ಎತ್ತರ ಇದ್ದಷ್ಟೂ ಛಲೋ ಅಂತ ನೀನ ಹೇಳಿದ್ದೆಲ್ಲೋ?" ಎಂದು ಕಾಕಾ ಕೇಳಿದರು.

"ತಪ್ಪ ಹೇಳಿದ್ದೆರೀ ಕಾಕಾ," ಅಂದೆ. ಓಣಿಯಲ್ಲಿ ನಾನು ಆ ಮಾತು ಆಡಿದ್ದನ್ನು ಅದಕ್ಕೂ ಮೊದಲು ಯಾರೂ ಕೇಳಿರಲಿಕ್ಕಿಲ್ಲ.

ಮಧ್ಯಾಹ್ನ ಆ ಹೆಂಗಸು ಬಂದಳು. ಒಂದೇ ಜೊತೆ ಕೈ, ಹತ್ತೇ ಬೆರಳು. ಅಕ್ಕ ಒಮ್ಮೆಯೂ ರೆಪ್ಪೆ ಮಿಟುಕಿಸಿದ ಹಾಗೆ ಕಾಣಲಿಲ್ಲ. ನಡುವೆ ಅವಳ ಕೈಗಳೂ ಮಡಿಲಲ್ಲಿ ಸಣ್ಣಗೆ ಆಡಿದವು, ಉತ್ತರ ಕೊಡುತ್ತಿರುವ ಹಾಗೆ. ನಾನು ಆ ಹೆಂಗಸನ್ನು ಬಿಟ್ಟು ಅಕ್ಕನ ಕೈಗಳನ್ನೇ ನೋಡುತ್ತ ಕೂತೆ. ಅವು ಬಟ್ಟೆ ಹಿಡಿಯುವುದನ್ನು ಬಿಟ್ಟು ಬೇರೆಯದನ್ನೂ ಬಲ್ಲವು ಎಂಬುದನ್ನು ನಾನು ಅಷ್ಟು ವರ್ಷ ಗಮನಿಸಿರಲಿಲ್ಲ.

ವಾರ್ತೆ ಮುಗಿಯಿತು. ಅಕ್ಕ ನನ್ನ ಕಡೆ ತಿರುಗಿ ಏನೋ ಹೇಳಿದಳು. ನಾನು ಎಂದಿನಂತೆ ತಲೆಯಾಡಿಸಿದೆ. ಅವಳು ಬಿಡಲಿಲ್ಲ. ನನ್ನ ಮೊಣಕಾಲು ತಟ್ಟಿ, ಮತ್ತೊಮ್ಮೆ, ನಿಧಾನವಾಗಿ: ಎರಡೂ ಕೈಗಳನ್ನು ಅಲೆಯಾಡಿಸುತ್ತ ಮೊಣಕಾಲಿನಿಂದ ಎದೆಯವರೆಗೆ ಏರಿಸಿದಳು. ಬೆರಳುಗಳನ್ನು ಕೂಡಿಸಿ ಸೂರು ಮಾಡಿದಳು. ಅದರ ಮೇಲೆ ಎರಡು ಬೆರಳನ್ನು ಮನುಷ್ಯರಂತೆ ನಿಲ್ಲಿಸಿದಳು.

"ಏನಂತೋ ಅದು?" ಅವ್ವ ಅಡುಗೆಮನೆಯಿಂದ ಬಂದು ಕೇಳಿದಳು.

"ಎಲ್ಲೋ ಹೊಳಿ ಏರೇತಂತಬೇ. ಮಂದಿ ಮನಿ ಮ್ಯಾಲ ಹತ್ತಿ ನಿಂತಾರಂತ."

ಅವ್ವ ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಅಕ್ಕನ ಪಕ್ಕ ಕೂತಳು. ನಮ್ಮ ಮನೆಗೆ ಹೊರಗಿನ ಸುದ್ದಿಯೊಂದು ಅಕ್ಕನ ಮೂಲಕ ಬಂದದ್ದು ಅದೇ ಮೊದಲು.

"ಆ ಮಂದಿ ಉಳದಾರೇನು, ಕೇಳು," ಅಂದಳು.

ಹೇಗೆ ಕೇಳುವುದೋ ನನಗೆ ತಿಳಿಯದು. ಅಕ್ಕ ಮಾಡಿದ ಹಾಗೆಯೇ ಬೆರಳು ಕೂಡಿಸಿ ಸೂರು ಮಾಡಿ ಅವಳ ಮುಂದೆ ಹಿಡಿದೆ. ಅವಳು ನನ್ನ ಹೆಬ್ಬೆರಳನ್ನು ಹಿಡಿದು, ತುಸು ಒಳಗೆ ಸರಿಸಿ, ಸರಿಮಾಡಿದಳು.