ಆರವ್ ಅಮ್ಮನ ಹೆಸರು

ಗೆಳೆಯರೇ, ನನ್ನ ಫೋನಿನಲ್ಲಿರುವ ಹೆಸರುಗಳ ಪಟ್ಟಿಯಲ್ಲಿ ಹೆಂಗಸರೇ ಇಲ್ಲ, ಬರೀ ಅಮ್ಮಂದಿರಿದ್ದಾರೆ. ಆರವ್ ಅಮ್ಮ, ಅನಿಕಾ ಅಮ್ಮ, ಕೊನೆಯ ಮನೆಯ ಅವಳಿಗಳ ಅಮ್ಮ. ಸಿಂಗಪುರದ ಜುರಾಂಗ್ ಈಸ್ಟಿಗೆ ಬಂದು ಒಂಬತ್ತು ವರ್ಷಗಳಾದವು. ಹುಳಿಪುಡಿ, ಜ್ವರದ ಮಾತ್ರೆ, ಅತ್ತೆಯ ಮೇಲಿನ ದೂರು ಎಲ್ಲವನ್ನೂ ಹಂಚಿಕೊಂಡ ನಾವು ಹೆಸರನ್ನು ಮಾತ್ರ ಕೇಳಿಕೊಂಡಿರಲಿಲ್ಲ. ಇಷ್ಟು ದಿನವಾದ ಮೇಲೆ ಕೇಳುವುದಕ್ಕೆ ನಾಚಿಕೆ ಬೇರೆ.

ಮಹಿಳಾ ದಿನಕ್ಕೆಂದು ನಾನೊಂದು ಕಿರುನಾಟಕ ಬರೆದೆ. ಮತದ ಹಕ್ಕಿಗಾಗಿ ಬೀದಿಗಿಳಿದು ಮೆರವಣಿಗೆ ಹೋದ ಹೆಂಗಸರ ಕಥೆ. ಹಕ್ಕೇನೋ ಸಿಕ್ಕಿತು, ಆದರೆ ಸ್ವತಂತ್ರ ಭಾರತದ ಮೊದಲ ಮತದಾರರ ಪಟ್ಟಿ ಬರೆಯಲು ಗುಮಾಸ್ತರು ಬಾಗಿಲಿಗೆ ಬಂದಾಗ ಎಷ್ಟೋ ಜನ ಸ್ವಂತ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವನ ತಾಯಿ ಎಂದೇ ಬರೆಸಿದರು, ಹಾಗೆ ಬರೆಸಿದವರನ್ನು ಪಟ್ಟಿಯಿಂದ ತೆಗೆದುಹಾಕಿದರು. ಇದನ್ನು ಓದಿದಾಗ ಆ ಅಜ್ಜಿಯರ ಮುಗ್ಧತೆಗೆ ನಾನು ನಕ್ಕಿದ್ದೆ.

ಭಾನುವಾರ ಮಧ್ಯಾಹ್ನ, ನಮ್ಮ ಬ್ಲಾಕಿನ ಕೆಳಗಿನ ವಾಯ್ಡ್ ಡೆಕ್‌ನಲ್ಲಿ ತಾಲೀಮು. ಕಂಬಗಳ ನಡುವಿನ ಆ ಬರಿದಾದ ನೆಲದಲ್ಲಿ ಬಿಳಿ ಸೀರೆಯುಟ್ಟ ಹನ್ನೊಂದು ಮಂದಿ. ಘೋಷಣೆ ಬರೆದುಕೊಂಡು ನಿಂತರೆ ಈ ಊರಿನಲ್ಲಿ ಯಾರಾದರೂ ಅನುಮತಿ ಪತ್ರ ಕೇಳಿಯಾರೆಂದು ಫಲಕಗಳನ್ನು ಖಾಲಿ ಬಿಟ್ಟಿದ್ದೆವು. ಮೇಲೆ ಮಲಗಿದವರಿಗೆ ತೊಂದರೆಯಾಗದಿರಲೆಂದು ಬಾಯನ್ನೂ ಮುಚ್ಚಿಕೊಂಡಿದ್ದೆವು. ಏನೂ ಬರೆಯದ ಫಲಕಗಳನ್ನೆತ್ತಿ, ಚಪ್ಪಲಿ ಬಿಟ್ಟ ಕಾಲುಗಳಲ್ಲಿ ಸದ್ದಿಲ್ಲದೆ ಅವರು ನನ್ನತ್ತ ನಡೆದುಬಂದಾಗ, ದಿನವೂ ನೋಡುವ ಮುಖಗಳೇ ಆದರೂ ನನಗೆ ಭಯವಾಯಿತು.

ಗುಮಾಸ್ತನ ಪಾತ್ರ ನನ್ನದೇ. ಒಬ್ಬೊಬ್ಬರನ್ನೂ ಕೂಗಿ ಕೆಂಪು ಶಾಯಿಯಲ್ಲಿ ಗೀಟು ಹಾಕುವುದು. ಗೀಟು ಬಿದ್ದವರು ಕಂಬದ ಹಿಂದೆ ಸರಿಯುವುದು. ಪಾತ್ರಗಳಿಗೆ ಹೆಸರು ಯೋಚಿಸಲು ಸೋಮಾರಿತನವಾಗಿ ಫೋನಿನಲ್ಲಿದ್ದಂತೆಯೇ ಬರೆದುಕೊಂಡಿದ್ದೆ. “ಆರವ್ ಅಮ್ಮ” ಎಂದು ಕೂಗಿ ಗೀಟೆಳೆದೆ. ಆಕೆ ಸರಿಯಲಿಲ್ಲ; ನಿಂತಲ್ಲೇ ಕುಸಿದರು. ಎಷ್ಟು ಚೆನ್ನಾಗಿ ನಟಿಸುತ್ತಾರೆಂದು ಯಾರೋ ಚಪ್ಪಾಳೆ ತಟ್ಟಿದರು.

ಆಂಬುಲೆನ್ಸ್ ಬಂತು. “ಹರ್ ನೇಮ್, ಆಂಟಿ?” ಎಂದಳು ಅದರಿಂದಿಳಿದ ಸಮವಸ್ತ್ರದ ತಮಿಳು ಹೆಂಗಸು.

“ಆರವ್ ಅಮ್ಮ.”

“ದಟ್ ಒನ್ ಸನ್ಸ್ ನೇಮ್ ಲಾ. ಹರ್ ಓನ್ ನೇಮ್?”

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಗಂಡನ ಹೆಸರಾದರೂ ಹೇಳೋಣವೆಂದರೆ ಅವರು ಆರವ್ ಅಪ್ಪ. ಖಾಲಿ ಫಲಕ ಹಿಡಿದ ಹತ್ತು ಹೆಂಗಸರು ಮತ್ತು ನಾನು ನಿಂತಿರುವಾಗಲೇ ಆಕೆಯನ್ನು ಒಯ್ದರು. ಹೆಸರು ನಮ್ಮದೇ ಆದರೂ ಬಳಸುವವರು ಇತರರು. ವರ್ಷಗಟ್ಟಲೆ ಯಾರೂ ಕರೆಯದಿದ್ದರೆ ಅದು ಎಲ್ಲಿಗೆ ಹೋಗುತ್ತದೆ? ನನ್ನ ಕೈಯಲ್ಲಿದ್ದ ಪಟ್ಟಿಯಲ್ಲಿ ಆ ಕೆಂಪು ಗೀಟು ಹಾಗೆಯೇ ಇತ್ತು.

ಮರುದಿನ ಆಸ್ಪತ್ರೆಗೆ ಹೋದಾಗ ಆಕೆ ಎದ್ದು ಕೂತಿದ್ದರು, ರಕ್ತದೊತ್ತಡ ಕುಸಿದಿತ್ತಂತೆ. ಮಣಿಕಟ್ಟಿಗೆ ಸುತ್ತಿದ ಪಟ್ಟಿಯಲ್ಲಿ ಹೆಸರಿತ್ತು: ವನಜಾಕ್ಷಿ. ಅದನ್ನು ಓದಿ, ತಲೆ ತಗ್ಗಿಸಿ ಕ್ಷಮೆ ಕೇಳಿದೆ.

“ನಿಮ್ದೇನೂ ತಪ್ಪಿಲ್ಲ ಬಿಡಿ,” ಎಂದರು ನಿಧಾನವಾಗಿ. “ನಂಗೆ ಎಲ್ಲಾ ಕೇಳಿಸ್ತಾ ಇತ್ತು. ಯಾರ್ಗೂ ಗೊತ್ತಿಲ್ವಲ್ಲ, ನಾನೇ ಹೇಳ್ಬಿಡೋಣ ಅಂತ ಬಾಯಿ ತೆಗ್ದೆ. ನಂಗೂ ‘ಆರವ್ ಅಮ್ಮ’ ಅಂತಾನೇ ಬಂತು.”