ಹಾಳೆ ಸೀಳದೆ ಬರೆದ ಶಿಫಾರಸು

ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ನಾನು ಹಾಸನದ ಒಂದು ವಾರಪತ್ರಿಕೆಯಲ್ಲಿ ಕೆಲಸ ಮಾಡುತ್ತಿದ್ದೆ. ಮಳೆ, ಸಂತೆಯ ಧಾರಣೆ, ರೇಷನ್ ಸುದ್ದಿ ಎಲ್ಲ ಮುಗಿದ ಮೇಲೆ ಕೊನೆಯ ಪುಟದಲ್ಲಿ ಅರ್ಧ ಕಾಲಂ ನನ್ನದು. ಯಾವ ಪುಸ್ತಕ ಓದಿದರೆ ಚೆನ್ನ ಎಂದು ಅಲ್ಲಿ ಹೇಳುತ್ತಿದ್ದೆ. ಕಾದಂಬರಿ ಮಾರುವ ಅಂಗಡಿ ನಮ್ಮ ಕಡೆ ಇರಲಿಲ್ಲವಾದ್ದರಿಂದ, ವಿಮರ್ಶೆಗೆ ಬಂದ ಪ್ರತಿಯನ್ನೇ ಕೇಳಿದವರಿಗೆ ಅಂಚೆಯಲ್ಲಿ ಎರವಲು ಕಳಿಸುತ್ತಿದ್ದೆವು. ಚನ್ನರಾಯಪಟ್ಟಣಕ್ಕೆ ಹೋದ ಪುಸ್ತಕ ಅರಕಲಗೂಡು ಸುತ್ತಿಕೊಂಡು, ಎಣ್ಣೆ ಕಲೆ ಕಾಫಿ ಕಲೆಗಳ ಸಮೇತ ವಾಪಸು ಬರುತ್ತಿತ್ತು. ಕಲೆ ಹೆಚ್ಚಿದ್ದರೆ ಪುಸ್ತಕ ಜನಕ್ಕೆ ಹಿಡಿಸಿದೆ ಎಂದು ನನ್ನ ಲೆಕ್ಕ.

ಆಗಿನ ಎಷ್ಟೋ ಪುಸ್ತಕಗಳ ಅಂಚು ಕತ್ತರಿಸಿರುತ್ತಿರಲಿಲ್ಲ. ಮಡಿಸಿದ ಹಾಳೆಗಳನ್ನು ಹಾಗೆಯೇ ಹೊಲಿದು ಕಳಿಸುತ್ತಿದ್ದರು. ಓದುವವರು ಚಾಕು ಹಿಡಿದು, ಒಂದೊಂದೇ ಮಡಿಕೆ ಸೀಳಿಕೊಂಡು ಮುಂದೆ ಹೋಗಬೇಕು. ಯಾರು ಎಲ್ಲಿಯವರೆಗೆ ಓದಿದರು ಎಂಬುದಕ್ಕೆ ಪುಸ್ತಕವೇ ಸಾಕ್ಷಿ.

ಒಂದು ವಾರ ಒಬ್ಬ ಎಳೆಯ ವಿಧವೆಯ ಕಥೆಯುಳ್ಳ ಕಾದಂಬರಿ ಬಂತು. ಅರ್ಧದವರೆಗೆ ಸೀಳಿ ಓದಿದೆ. ಆಕೆ ಕದ್ದು ಅಕ್ಷರ ಕಲಿಯುವುದನ್ನು ಲೇಖಕರು ಸೊಗಸಾಗಿ ಬರೆದಿದ್ದರು. ಅಷ್ಟಕ್ಕೇ ನಿಲ್ಲಿಸಿ, ‘ಮನೆಮಂದಿಯೆಲ್ಲ ಕೂತು ಕೇಳಬಹುದಾದ ಕಾದಂಬರಿ’ ಎಂದು ಬರೆದು ಅಚ್ಚಿಗೆ ಕೊಟ್ಟೆ. ಕೆಲಸದ ಒತ್ತಡವಿತ್ತು ಎಂದು ಈಗ ಬರೆಯಬಹುದು. ಒತ್ತಡವಿರಲಿಲ್ಲ. ಸ್ನೇಹಿತರು ಕಾಫಿಗೆ ಕರೆದರು, ಹೋದೆ.

ಪುಸ್ತಕ ಎರವಲು ಕೇಳಿದವರು ಹೊಳೆನರಸೀಪುರದ ಒಬ್ಬ ಶಾಲಾ ಉಪಾಧ್ಯಾಯಿನಿ. ಕಳಿಸಿದೆ. ತಿಂಗಳಾದ ಮೇಲೆ ಒಂದು ಭಾನುವಾರ ಅವರೇ ರೈಲಿನಲ್ಲಿ ಬಂದು ಪುಸ್ತಕವನ್ನು ನನ್ನ ಮೇಜಿನ ಮೇಲಿಟ್ಟರು.

“ಇದರ ಕೊನೆ ನೀವು ಓದಿದ್ರಾ ಸಾರ್?”

ಕೂರಿ ಎಂದು ಕುರ್ಚಿ ಎಳೆದುಕೊಟ್ಟೆ. ಅವರೇ ಹೇಳಿದರು. ಪೇಟೆಯ ಜವಳಿ ವ್ಯಾಪಾರಿಯೊಬ್ಬರ ಮನೆಯಲ್ಲಿ ಶನಿವಾರ ಮಧ್ಯಾಹ್ನ ಹೆಂಗಸರು ಸೇರುತ್ತಾರೆ. ಬತ್ತಿ ಹೊಸೆಯುತ್ತ, ಅಕ್ಕಿ ಆರಿಸುತ್ತ ಕೂತವರಿಗೆ ಇವರು ಓದಿ ಹೇಳುತ್ತಾರೆ. ಆ ಮನೆಯ ಕಿರಿಯ ಸೊಸೆ ಗಂಡನನ್ನು ಕಳೆದುಕೊಂಡವಳು. ಇವರಿಂದಲೇ ಪಾಠ ಕಲಿತು ಲೋಯರ್ ಸೆಕೆಂಡರಿ ಪರೀಕ್ಷೆ ಪಾಸು ಮಾಡಿದ್ದಾಳೆ. ಉಪಾಧ್ಯಾಯಿನಿ ಟ್ರೈನಿಂಗಿಗೆ ಆಕೆಯನ್ನು ಮೈಸೂರಿಗೆ ಕಳಿಸಲು ಮಾವ ಮುಕ್ಕಾಲು ಒಪ್ಪಿದ್ದರು. ಪೂರ್ತಿ ಒಪ್ಪಲಿ ಎಂದೇ ಇವರು ಈ ಕಾದಂಬರಿ ಆರಿಸಿದ್ದು. ಮಾವನಾದ ಆ ವ್ಯಾಪಾರಿಗೆ ನನ್ನ ಕಾಲಂ ತೋರಿಸಿ, ನಡುಮನೆಯಲ್ಲಿ ಅವರನ್ನೂ ಕೂರಿಸಿಕೊಂಡು ಓದಿದ್ದಾರೆ.

“ಕೊನೇಲಿ ಆ ಹುಡುಗಿ ಓದೋಕೆ ಪಟ್ಟಣಕ್ಕೆ ಹೋಗಿ, ಕೆಟ್ಟು, ಕೆರೆಗೆ ಹಾರ್ತಾಳೆ. ಆಮೇಲೆ ಎರಡು ಪುಟ ಬುದ್ಧಿವಾದ. ಗಟ್ಟಿಯಾಗಿ ಓದ್ತಾ ಇದ್ದೆ, ಎಲ್ಲರ ಮುಂದೆ ಹೇಗೆ ನಿಲ್ಲಿಸಲಿ?”

“ಮೊದಲೇ ನೋಡಿರಲಿಲ್ಲವೇ?” ಎಂದೆ. ಆ ಪ್ರಶ್ನೆ ಕೇಳುವ ಹಕ್ಕು ನನಗಿರಲಿಲ್ಲ.

“ಅರ್ಧದಿಂದಾಚೆ ಹಾಳೆ ಸೀಳಿರಲಿಲ್ಲ. ನೀವು ಬೇರೆ ಪ್ರತೀಲಿ ಓದಿರಬೇಕು ಅಂದ್ಕೊಂಡೆ.”

ಮಾರನೆಯ ದಿನವೇ ಹೊಳೆನರಸೀಪುರಕ್ಕೆ ಹೋದೆ. ವ್ಯಾಪಾರಿ ಎದ್ದು ಬಂದು ಕೈ ಹಿಡಿದುಕೊಂಡರು.

“ಬನ್ನಿ ಸಾ, ಬನ್ನಿ. ಎಂಥಾ ಪುಸ್ತಕ ತೋರಿಸ್ಕೊಟ್ರಿ! ಸಮಯಕ್ಕೆ ಸರಿಯಾಗಿ ಕಣ್ಣು ತೆರೆಸ್ತು. ಇಲ್ದಿದ್ರೆ ಈ ಮಗೀನ ಮೈಸೂರಿಗೆ ಕಳಿಸ್ಬುಡ್ತಿದ್ದೆ.”

“ಯಜಮಾನರೇ, ಆ ಪುಸ್ತಕದ ಕೊನೆ ಭಾಗ ನಾನು ಓದಿರಲಿಲ್ಲ. ಓದದೇ ಬರೆದೆ.”

ಅವರು ಜೋರಾಗಿ ನಕ್ಕರು. “ಲೇ, ಕೇಳಿದ್ಯೇನೇ? ಇವ್ರು ಓದೇ ಇಲ್ವಂತೆ!” ಎಂದು ಒಳಗಿದ್ದ ಹೆಂಡತಿಗೆ ಕೂಗಿದರು. ಮತ್ತೆ ನನ್ನ ಕಡೆ ತಿರುಗಿ, “ಓದ್ದೆ ಯಾರಾದ್ರೂ ಬರೀತಾರಾ ಸಾ? ಅಚ್ಚಾಗೈತೆ, ನಾನೇ ಕಂಡಿವ್ನಿ. ಮಗಿ ಅತ್ತುಕೊಂಡು ಕೂತೈತೆ ಅಂತ ಆ ಮೇಷ್ಟ್ರಮ್ಮ ನಿಮ್ಮನ್ನ ಕಳಿಸವ್ಳೆ. ಅಂಗಂತ ನೀವು ಸುಳ್ಳು ಹೇಳಬಾರ್ದು” ಎಂದರು.

ಕಾಫಿ ತಂದವಳು ಆ ಸೊಸೆ. ಇಪ್ಪತ್ತು ದಾಟಿರಲಿಕ್ಕಿಲ್ಲ. ಮಾವ ಗಿರಾಕಿಯ ಕೂಗಿಗೆ ಅಂಗಡಿಗೆ ಹೋದಾಗ ಕೆಳದನಿಯಲ್ಲಿ ಕೇಳಿದಳು.

“ಓದಿದ್ರೆ ಹಂಗೆ ಬರೀತಿದ್ರಾ ಅಣ್ಣ?”

“ಇಲ್ಲಮ್ಮ.”

“ಹಂಗಾದ್ರೆ ಓದಿರಲಿಲ್ಲ ಅಂತ ಪೇಪರಲ್ಲೇ ಬರೀರಿ. ಮಾವ ಅಚ್ಚಾಗಿದ್ದು ನಂಬ್ತಾರೆ. ಅರ್ಜಿ ಹಾಕೋಕೆ ಇನ್ನೂ ಎರಡು ವಾರ ಐತೆ.”

ಬರೆಯುತ್ತೇನೆ ಎಂದು ಮಾತು ಕೊಟ್ಟು ಬಂದೆ.

ನಮ್ಮ ಪತ್ರಿಕೆಯಲ್ಲಿ ರಾಗಿ ಧಾರಣೆ ಒಂದಾಣೆ ತಪ್ಪಿದರೂ ಮುಂದಿನ ವಾರ ತಿದ್ದುಪಡಿ ಹಾಕುತ್ತಿದ್ದೆವು. ಆ ಶಿಸ್ತು ತಂದವನೇ ನಾನು. ಆ ದಿನ ಪೆನ್ನು ಹಿಡಿದು ಕೂತಾಗ, ಹಿಂದೆ ಬರೆದ ಕಾಲಂಗಳನ್ನೂ ಇನ್ನು ಯಾರು ನಂಬುತ್ತಾರೆ ಎಂಬ ಯೋಚನೆ ಬಂತು. ಸಂಪಾದಕರು ಅಡ್ಡಿ ಮಾಡಲಿಲ್ಲ, ಅವರಿಗೆ ನಾನು ವಿಷಯವನ್ನೇ ಹೇಳಲಿಲ್ಲ. ಕೊನೆಗೆ ಬರೆದದ್ದು ಇಷ್ಟು: ‘ಎರಡನೆಯ ಸಲ ಓದಿದಾಗ ಈ ಕಾದಂಬರಿಯ ಉತ್ತರಾರ್ಧ ದುರ್ಬಲವೆನಿಸಿತು. ಓದುಗರು ಅದರ ನೀತಿಯನ್ನು ಯಥಾವತ್ತಾಗಿ ಸ್ವೀಕರಿಸಬೇಕಿಲ್ಲ.’ ಮೊದಲನೆಯ ಸಲ ಎಂಬುದೇ ಇರಲಿಲ್ಲ.

ವಾರದೊಳಗೆ ಉಪಾಧ್ಯಾಯಿನಿಯ ಕಾರ್ಡು ಬಂತು. ಟಿಪ್ಪಣಿಯನ್ನು ವ್ಯಾಪಾರಿಗೆ ಓದಿ ಹೇಳಿದರಂತೆ. “ಪೇಪರಿನವ್ರೇ ಎರಡು ಸಲ ಓದವ್ರೆ ಅಂದ್ರೆ ಸಾಮಾನ್ಯ ಪುಸ್ತಕವಾ ಅದು?” ಎಂದರಂತೆ ಅವರು. ಅರ್ಜಿ ಹೋಗಲಿಲ್ಲ. ಮರುವರ್ಷ ಸೊಸೆ ಮತ್ತೆ ಕೇಳಿದಾಗಲೂ ಅವರು ಅದೇ ಕೆರೆಯ ಮಾತು ಎತ್ತಿದರೆಂದು ತಿಳಿಯಿತು.

ಆ ಟಿಪ್ಪಣಿ ನೋಡಿ ಚನ್ನರಾಯಪಟ್ಟಣದಿಂದ ಇಬ್ಬರು ಪುಸ್ತಕ ಕೇಳಿ ಬರೆದರು. ಕಳೆದುಹೋಗಿದೆ ಎಂದು ಉತ್ತರ ಬರೆದೆ. ಕಳೆದಿರಲಿಲ್ಲ. ಈಗಲೂ ನನ್ನ ಬಳಿ ಇದೆ. ಅರ್ಧದವರೆಗೆ ನನ್ನ ಚಾಕು ಸೀಳಿದ ನೇರ ಅಂಚು. ಅಲ್ಲಿಂದಾಚೆಗೆ ಉಪಾಧ್ಯಾಯಿನಿ ಎಲ್ಲರ ಮುಂದೆ ಕೂತು, ಓದುತ್ತ ಓದುತ್ತಲೇ ತಲೆಯ ಪಿನ್ನಿನಿಂದ ಹರಿದುಕೊಂಡ ಹಲ್ಲು ಹಲ್ಲು ಅಂಚು. ಇಡೀ ಪುಸ್ತಕದ ಮೇಲೆ ಒಂದು ಕಲೆಯೂ ಇಲ್ಲ.